ಪದ ಮೊದಲು, ಟ್ಯೂನು ಆಮೇಲೆ

ನಾಟಕ, ಕ್ಯಾಸೆಟ್, ಸಿನಿಮಾ, ಕಿರುತೆರೆ ಎಲ್ಲ ಕಡೆಯೂ ದುಡಿದ ಸಿ. ಅಶ್ವತ್ಥ್ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದವರು. ಸಂಗೀತ ಸಂಯೋಜಕ ನಿಜಕ್ಕೂ ಮಾಡುವ ಕೆಲಸವೇನು, ಅವನಿಗೆ ಸಲ್ಲುವುದೇನು ಎಂಬುದಕ್ಕೆ ಅವರ ಬದುಕೇ ಒಂದು ಪಾಠ.

ಕೆಲಸ ಉಳಿದು ಹೆಸರು ಮರೆಯಾಗುವುದಕ್ಕೆ ಅದೇ ಜಿಲ್ಲೆಯ ಶಿಲ್ಪಿಗಳು ಹಳೆಯ ಉದಾಹರಣೆ. ಬೇಲೂರಿನ ಚನ್ನಕೇಶವ ದೇಗುಲಕ್ಕೆ ಹೋದವರಿಗೆ ಗೈಡುಗಳು ತಪ್ಪದೆ ಹೇಳುವ ಕಥೆ ಶಿಲ್ಪಿ ಜಕಣಾಚಾರಿಯದು. ಮಗ ಡಂಕಣ ವಿಗ್ರಹದಲ್ಲಿ ದೋಷವಿದೆ ಎಂದದ್ದು, ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬಿದ್ದದ್ದು, ಅಪ್ಪ ತನ್ನ ಕೈಯನ್ನೇ ಕಡಿದುಕೊಂಡದ್ದು, ಕೊನೆಗೆ ಕೈದಾಳದಲ್ಲಿ ಆ ಕೈ ಮರಳಿ ಬಂದದ್ದು. ಎಷ್ಟು ಸಲ ಕೇಳಿದರೂ ಬೇಸರವಾಗದ ಕಥೆ. ಆದರೆ ಹೊಯ್ಸಳರ ಶಾಸನಗಳಲ್ಲಿ ಜಕಣಾಚಾರಿ ಎಂಬ ರೂವಾರಿಯ ಸುಳಿವಿಲ್ಲ. ಅಲ್ಲಿರುವ ಹೆಸರುಗಳೇ ಬೇರೆ. ಬೇಲೂರಿನ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗೆ ಕೇದಾರೋಜನ ಹೆಸರು ಅಂಟಿಕೊಂಡಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇಗುಲದ ಒಂದು ಮಗ್ಗುಲನ್ನು ಬೈಚೋಜ, ಇನ್ನೊಂದು ಮಗ್ಗುಲನ್ನು ಮಲ್ಲಿತಮ್ಮ ಕಡೆದರೆಂದು ಅವರ ರುಜುಗಳೇ ಹೇಳುತ್ತವೆ. ಇಬ್ಬರ ಕೈಯೂ ಬೇರೆ ಎಂಬುದು ನಿಧಾನವಾಗಿ ನೋಡಿದವರಿಗೆ ತಿಳಿಯುತ್ತದೆ.

ರುಜು ಕಲ್ಲಿನ ಮೇಲಿದ್ದರೂ ಜನರ ಬಾಯಲ್ಲಿ ಉಳಿದದ್ದು ದಂತಕಥೆ. 1964ರಲ್ಲಿ ಬಿ.ಎಸ್. ರಂಗಾ ಆ ದಂತಕಥೆಯನ್ನೇ ‘ಅಮರಶಿಲ್ಪಿ ಜಕಣಾಚಾರಿ’ ಎಂಬ ಚಿತ್ರ ಮಾಡಿದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವದು. ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ಅಭಿನಯ ಅನೇಕರ ನೆನಪಿನಲ್ಲಿದೆ. ಸಂಗೀತ ಯಾರದು ಎಂದು ಕೇಳಿ ನೋಡಿ, ಎಸ್. ರಾಜೇಶ್ವರರಾವ್ ಎಂದು ಥಟ್ಟನೆ ಹೇಳುವವರು ಅಪರೂಪ. ಶಿಲ್ಪಿಯ ಹೆಸರು ಕಳೆದುಹೋದ ಕಥೆಯ ಚಿತ್ರದಲ್ಲೇ ಸಂಯೋಜಕನ ಹೆಸರೂ ಹಿಂದೆ ಸರಿಯಿತು.

ಹಾಡು ಎಂದರೆ ನಮಗೆ ಹಾಡಿದವರು ನೆನಪಾಗುತ್ತಾರೆ, ಪರದೆಯ ಮೇಲೆ ತುಟಿ ಆಡಿಸಿದವರು ನೆನಪಾಗುತ್ತಾರೆ, ಕವಿತೆಯಾದರೆ ಕವಿ ನೆನಪಾಗುತ್ತಾರೆ. ನಡುವೆ ನಿಂತು ಆ ಪದಗಳಿಗೆ ದಾರಿ ಹಾಕಿದವನ ಕೆಲಸ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನುಗ್ಗೇಹಳ್ಳಿ ಇರುವ ತಾಲ್ಲೂಕಿನಲ್ಲೇ ಹುಟ್ಟಿದ ಅಶ್ವತ್ಥ್ ಮಾಡಿದ್ದು ಆ ಕೆಲಸವನ್ನು.

ಕಾರ್ಖಾನೆಯ ಸಂಬಳ, ನಾಟಕದ ಹಾರ್ಮೋನಿಯಂ

ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಓದಿ, ದೂರವಾಣಿನಗರದ ಐಟಿಐ ಕಾರ್ಖಾನೆ ಸೇರಿದರು. ಫೋನು ತಯಾರಿಸುತ್ತಿದ್ದ ಆ ಸರ್ಕಾರಿ ಉದ್ದಿಮೆಯಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಈ ಲೆಕ್ಕವನ್ನು ಗಮನಿಸಬೇಕು. ಅವರ ಹೆಸರಾಂತ ಕ್ಯಾಸೆಟ್ಟುಗಳು, ‘ಕಾಕನಕೋಟೆ’, ‘ಆಲೆಮನೆ’, ‘ಸಂತ ಶಿಶುನಾಳ ಷರೀಫ’ ಚಿತ್ರಗಳು ಎಲ್ಲವೂ ಅವರು ನೌಕರಿಯಲ್ಲಿದ್ದಾಗಲೇ ಬಂದವು. ಸಿನಿಮಾ ಅವರಿಗೆ ಹೊಟ್ಟೆಪಾಡಾಗಿರಲಿಲ್ಲ.

ಆ ತಲೆಮಾರಿನ ಬೆಂಗಳೂರಿನಲ್ಲಿ ಇದು ವಿಶೇಷವೇನಲ್ಲ. ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳಲ್ಲಿ ಕನ್ನಡ ಸಂಘಗಳಿದ್ದವು, ರಾಜ್ಯೋತ್ಸವಗಳಿದ್ದವು, ನಾಟಕ ತಂಡಗಳಿದ್ದವು. ಹಗಲು ಶಿಫ್ಟು ಮುಗಿಸಿ ಸಂಜೆ ರಂಗದ ತಾಲೀಮಿಗೆ ಓಡುವವರ ದೊಡ್ಡ ಪಡೆಯೇ ಇತ್ತು. ತಿಂಗಳ ಸಂಬಳ ಬರುತ್ತಿದ್ದವನಿಗೆ ಇಷ್ಟವಿಲ್ಲದ ಟ್ಯೂನಿಗೆ ಒಲ್ಲೆ ಎನ್ನುವ ಧೈರ್ಯವಿರುತ್ತದೆ. ಕನ್ನಡದ ಸುಗಮ ಸಂಗೀತ ಬೆಳೆದ ಬಗೆಯನ್ನು ಬರೆಯುವವರು ಕಾರ್ಖಾನೆಗಳ ಈ ಸಂಬಳಕ್ಕೂ ಒಂದು ಪುಟ ಮೀಸಲಿಡಬೇಕು.

ಅಶ್ವತ್ಥ್ ಹಿಂದೂಸ್ತಾನಿ ಸಂಗೀತದ ಪಾಠ ಕಲಿತವರು. ಆದರೆ ಅವರನ್ನು ಸಂಯೋಜಕನನ್ನಾಗಿ ಮಾಡಿದ್ದು ನಾಟಕ. ರಂಗದಲ್ಲಿ ಹಾಡು ಅಲಂಕಾರಕ್ಕೆ ಬರುವುದಿಲ್ಲ. ಕಥೆ ಮುಂದಕ್ಕೆ ಹೋಗಬೇಕು, ನಟ ಮೈಕಿಲ್ಲದೆ ಹಾಡಬೇಕು, ಹಿಂದಿನ ಸಾಲಿನವನಿಗೂ ಪದ ಬಿಡಿಬಿಡಿಯಾಗಿ ಕೇಳಬೇಕು. ಗುಬ್ಬಿ, ತಿಪಟೂರು, ಅರಸೀಕೆರೆ ಎಂದು ರೈಲುಹಾದಿಯ ಊರುಗಳಲ್ಲಿ ಕ್ಯಾಂಪು ಮಾಡುತ್ತಿದ್ದ ಕಂಪನಿ ನಾಟಕಗಳ ಕಾಲದಿಂದಲೂ ಈ ಶಿಸ್ತು ಕನ್ನಡದ ರಂಗಗೀತೆಗಳಲ್ಲಿದೆ. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿದ್ದ ಬಿ.ವಿ. ಕಾರಂತರು ಅದನ್ನು ಹೊಸ ರಂಗಭೂಮಿಗೆ ತಂದರು, ‘ಋಷ್ಯಶೃಂಗ’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಅಶ್ವತ್ಥ್ ಆ ಹೊತ್ತಿನ ಹವ್ಯಾಸಿ ರಂಗದಲ್ಲಿ ಪಳಗಿದರು.

ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರ ಮಾಡಿದಾಗ ಅಶ್ವತ್ಥ್ ಸಂಗೀತ ನಿರ್ದೇಶಕರಾದರು. ಕಾಡುಕುರುಬರ ಲೋಕದ ಕಥೆ. ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ಕಂಡು ಕುಣಿಯುವ ಆ ಹಾಡು ಇಂದಿಗೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳುತ್ತದೆ. ಅದರ ಬಲವೆಲ್ಲ ಸರಳತೆಯಲ್ಲಿದೆ: ಗುಂಪಿನಲ್ಲಿ ಯಾರು ಬೇಕಾದರೂ ಹಾಡಬಹುದು, ಹಾಡುತ್ತಲೇ ಹೆಜ್ಜೆ ಹಾಕಬಹುದು.

ಮಾತಿಗೆ ಟ್ಯೂನೋ, ಟ್ಯೂನಿಗೆ ಮಾತೋ?

ಸಿನಿಮಾ ಹಾಡು ಸಾಮಾನ್ಯವಾಗಿ ಹುಟ್ಟುವ ಕ್ರಮ ಹೀಗೆ. ನಿರ್ದೇಶಕ ಸನ್ನಿವೇಶ ಹೇಳುತ್ತಾನೆ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಅಥವಾ ಕೀಬೋರ್ಡ್ ಮುಂದೆ ಕೂತು, ‘ತಾನನ’ ಎಂದೋ ಅರ್ಥವಿಲ್ಲದ ಡಮ್ಮಿ ಸಾಲು ಹಾಕಿಯೋ ಐದಾರು ಟ್ಯೂನು ಕೇಳಿಸುತ್ತಾನೆ. ಒಂದು ಒಪ್ಪಿಗೆಯಾಗುತ್ತದೆ. ಅದರ ಅಳತೆಗೆ ಗೀತರಚನೆಕಾರ ಮಾತು ಕೂರಿಸುತ್ತಾನೆ. ಆಮೇಲೆ ಬಿಟ್‌ಗಳು, ಅಂದರೆ ಪಲ್ಲವಿ–ಚರಣಗಳ ನಡುವಿನ ವಾದ್ಯದ ತುಣುಕುಗಳು. ಯಾರೋ ಟ್ರ್ಯಾಕ್ ಹಾಡುತ್ತಾರೆ, ಕೊನೆಗೆ ಹೆಸರಾಂತ ಗಾಯಕರು ಬಂದು ಹಾಡಿ ಹೋಗುತ್ತಾರೆ, ಮಿಕ್ಸಿಂಗ್ ಆಗುತ್ತದೆ. ಇಲ್ಲಿ ಟ್ಯೂನು ಯಜಮಾನ, ಮಾತು ಅದರ ಹಿಂದೆ ಬರುತ್ತದೆ. ಈ ದಾರಿಯಲ್ಲೂ ಕನ್ನಡಕ್ಕೆ ಅದ್ಭುತವಾದ ಹಾಡುಗಳು ಸಿಕ್ಕಿವೆ ಎನ್ನುವುದರಲ್ಲಿ ಅನುಮಾನವಿಲ್ಲ.

ಭಾವಗೀತೆಯದು ಉಲ್ಟಾ ದಾರಿ. ಕವಿತೆ ಪುಸ್ತಕದಲ್ಲಿ ಅಚ್ಚಾಗಿ ಎಷ್ಟೋ ವರ್ಷ ಆಗಿರುತ್ತದೆ. ಒಂದಕ್ಷರ ಬದಲಿಸುವಂತಿಲ್ಲ. ಸಂಯೋಜಕ ಮೊದಲು ಓದುಗನಾಗಬೇಕು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ ಈ ದಾರಿಯನ್ನು ಹದಮಾಡಿಟ್ಟಿದ್ದರು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಮೇಲೆ ಆಕಾಶವಾಣಿಯಲ್ಲಿದ್ದ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರ್‌ಗೆ ಇಳಿಯಿತು. ಅಶ್ವತ್ಥ್ ಆ ಅಲೆಯಲ್ಲಿ ಎದ್ದವರು. ಪದ ಮೊದಲು ಎಂಬ ಈ ಕ್ರಮವನ್ನೇ ಹಿಡಿದು ಸಿನಿಮಾದ ಬಾಗಿಲು ದಾಟಿದರು ಎಂಬುದು ಅವರ ವಿಶೇಷ.

ಅಚ್ಚಾದ ಕವಿತೆಯನ್ನು ಎದುರಿಗಿಟ್ಟುಕೊಂಡ ಸಂಯೋಜಕನ ಮೊದಲ ಕೆಲಸ ನಡೆ ಹುಡುಕುವುದು. ಕನ್ನಡದ ಗೇಯ ಪದ್ಯಗಳೆಲ್ಲ ಬಹುಮಟ್ಟಿಗೆ ಮಾತ್ರೆಯ ಲೆಕ್ಕದಲ್ಲಿ ಓಡುತ್ತವೆ. ಮೂರು ಮಾತ್ರೆಯ ಗಣಗಳಿದ್ದರೆ ಪದ್ಯ ತಾನಾಗಿ ಆರು ಮಾತ್ರೆಯ ದಾದ್ರಾಕ್ಕೆ ಕೂರುತ್ತದೆ. ನಾಲ್ಕಾದರೆ ಎಂಟರ ಕೆಹರವಾ. ಐದಾದರೆ ಖಂಡದ ನಡೆ. ಮೂರು–ನಾಲ್ಕು ಬೆರೆತು ಬಂದರೆ ಏಳು ಮಾತ್ರೆಯ ಮಿಶ್ರಛಾಪು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ ಇದೇ. ಕವಿ ಹಾಕಿದ ನಡೆಯನ್ನೇ ಹಿಡಿಯಬಹುದು, ಬೇಕೆಂದೇ ಮುರಿಯಲೂಬಹುದು. ಮುರಿದರೆ ಅದಕ್ಕೆ ಕಾರಣವಿರಬೇಕು.

ಎರಡನೆಯದು ಪಲ್ಲವಿಯ ಆಯ್ಕೆ. ಕವಿತೆಯಲ್ಲಿ ಪಲ್ಲವಿ ಇರಲೇಬೇಕೆಂದಿಲ್ಲ. ಯಾವ ಸಾಲಿಗೆ ಮತ್ತೆ ಮತ್ತೆ ಮರಳಬೇಕು ಎಂದು ತೀರ್ಮಾನಿಸುವವನು ಸಂಯೋಜಕ. ಆ ಕ್ಷಣದಲ್ಲಿ ಅವನು ಕವಿತೆಯ ಅರ್ಥವನ್ನೇ ಒಂದು ಕಡೆಗೆ ವಾಲಿಸುತ್ತಾನೆ. ಮೂರನೆಯದು ಕತ್ತರಿ. ಎಂಟು ನುಡಿಯ ಪದ್ಯವನ್ನು ಐದು ನಿಮಿಷದ ಹಾಡಿಗೆ ಇಳಿಸಬೇಕಾದರೆ ಮೂರೋ ನಾಲ್ಕೋ ನುಡಿ ಬಿಡಬೇಕು. ಯಾವುದನ್ನು ಬಿಟ್ಟರು ಎಂಬುದೂ ಒಂದು ವಿಮರ್ಶೆಯೇ. ಹಾಡಾದ ಕವಿತೆಗಳನ್ನು ನಾವು ಪೂರ್ತಿ ಓದಿಲ್ಲ ಎಂಬುದು ಪುಸ್ತಕ ತೆಗೆದು ನೋಡಿದಾಗಲೇ ಗೊತ್ತಾಗುವುದು.

ನಾಲ್ಕನೆಯದು ಕನ್ನಡದ ಕಟ್ಟುಪಾಡು. ನಮ್ಮಲ್ಲಿ ಸ್ವರ ಹಿಗ್ಗಿದರೆ ಪದವೇ ಬೇರೆಯಾಗುತ್ತದೆ. ಬಳೆಯನ್ನು ಎಳೆದು ಹಾಡಿದರೆ ಬಾಳೆ, ಕೆರೆಯನ್ನು ಎಳೆದರೆ ಕೇರೆ. ಒತ್ತಕ್ಷರ ತಾಳದ ಪೆಟ್ಟಿಗೆ ಸಿಗದಿದ್ದರೆ ಮಾತು ತೊದಲುತ್ತದೆ. ಹಾಗಾಗಿ ಟ್ಯೂನಿನಲ್ಲಿ ಆಲಾಪಕ್ಕೆ ಜಾಗ ಬೇಕಾದರೆ ಕವಿ ದೀರ್ಘ ಇಟ್ಟ ಕಡೆಯೇ ಹುಡುಕಬೇಕು. ಅಶ್ವತ್ಥ್ ಹಾಡುಗಳನ್ನು ಈ ದೃಷ್ಟಿಯಿಂದ ಕೇಳಿದರೆ ಅವರ ಕೈ ಸಿಕ್ಕಿಬಿಡುತ್ತದೆ. ಪದ ಮಸುಕಾಗುವ ಜಾಗವೇ ಇರುವುದಿಲ್ಲ.

ಹತ್ತಿರದಿಂದ ನೋಡಲು ಶಿಶುನಾಳ ಷರೀಫರ ಒಂದು ತತ್ತ್ವಪದ ತೆಗೆದುಕೊಳ್ಳಬಹುದು: ಕೋಳಿಯೊಂದು ಕೋಡಗವನ್ನೇ ನುಂಗಿಬಿಡುವ ಒಗಟಿನ ಪದ. ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ನಾಡೆಲ್ಲ ಕೇಳಿದ್ದು. ಕಾಗದದ ಮೇಲೆ ಅದು ಸಂಯೋಜಕನಿಗೆ ಕಷ್ಟದ ಪದ. ಸಾಲು ಸಾಲಿಗೂ ನುಂಗುವ ಕ್ರಿಯೆಯೇ ಮರಳುತ್ತದೆ, ನುಂಗುವವರೂ ನುಂಗಿಸಿಕೊಳ್ಳುವವರೂ ಮಾತ್ರ ಬದಲಾಗುತ್ತಾರೆ. ಎಲ್ಲ ಸಾಲನ್ನೂ ಒಂದೇ ಎತ್ತರದಲ್ಲಿ ಹಾಡಿದರೆ ಮೂರನೇ ಸಾಲಿಗೆ ಆಕಳಿಕೆ ಬರುತ್ತದೆ. ಭಾರವಾದ ರಾಗ ಹಾಕಿದರೆ ತತ್ತ್ವ ಉಳಿದು ತಮಾಷೆ ಸಾಯುತ್ತದೆ. ಅಶ್ವತ್ಥ್ ಚುರುಕಾದ ಲಯ ಹಿಡಿದರು. ಸಾಲಿನ ಕೊನೆಯ ಕ್ರಿಯಾಪದಕ್ಕೆ ತಾಳದ ಪೆಟ್ಟು ಕೊಟ್ಟರು. ಪದದಲ್ಲಿ ಬರುವ ಸಂಬೋಧನೆ ಪಕ್ಕದಲ್ಲಿ ಕೂತವಳನ್ನು ಕರೆದಷ್ಟೇ ಸಲೀಸಾಗಿ ಬರುವಂತೆ ನೋಡಿಕೊಂಡರು. ಮಗು ಅದನ್ನು ಕೇಳಿ ನಗುತ್ತದೆ, ತತ್ತ್ವ ಬಲ್ಲವರು ತಲೆದೂಗುತ್ತಾರೆ. ಎರಡೂ ಒಟ್ಟಿಗೆ ಆಗುವಂತೆ ನಡೆದದ್ದೇ ಆ ಟ್ಯೂನಿನ ಜಾಣತನ.

ಇದಕ್ಕೆ ಎದುರಾಗಿ ಜಿ.ಎಸ್. ಶಿವರುದ್ರಪ್ಪನವರ, ನದಿಯೊಂದು ಕಡಲಿಗಾಗಿ ಹಂಬಲಿಸುವ ಕವಿತೆಯನ್ನು ಅಶ್ವತ್ಥ್ ತಾವೇ ಹಾಡಿದ ಬಗೆ ಕೇಳಬೇಕು. ಅಲ್ಲಿ ಅವಸರವಿಲ್ಲ. ಪ್ರಶ್ನೆಗಳು ಒಂದರ ಮೇಲೊಂದು ಬರುವ ಪದ್ಯವದು. ದನಿ ಮೆಲ್ಲಗೆ ಶುರುವಾಗಿ, ಹಂಬಲ ಏರಿದ ಹಾಗೆ ಮೇಲಿನ ಸ್ಥಾಯಿಗೆ ಏರುತ್ತದೆ. ಅವರದು ನಯಗೊಳಿಸಿದ ಸಿನಿಮಾ ಕಂಠವಲ್ಲ. ಒರಟುತನವಿತ್ತು, ಮೇಲಕ್ಕೆ ಹೋದಾಗ ದನಿ ಬಿರಿಯುತ್ತಿತ್ತು. ಅದನ್ನೇ ಅವರು ಬಂಡವಾಳ ಮಾಡಿಕೊಂಡರು.

ವೈದಿ ಜೊತೆಯಾದ ಮೇಲೆ

ಭಾವಗೀತೆಗೆ ಹಾರ್ಮೋನಿಯಂ, ತಬಲಾ, ಕೊಳಲು, ಒಂದು ಪಿಟೀಲು ಇದ್ದರೆ ಸಾಕು. ಸಿನಿಮಾಕ್ಕೆ ವಾದ್ಯವೃಂದ ಬೇಕು, ನೋಟ್ಸ್ ಬರೆದು ಹತ್ತಾರು ಕಲಾವಿದರನ್ನು ನುಡಿಸುವ ವಿದ್ಯೆ ಬೇಕು. ಅಲ್ಲಿ ಅಶ್ವತ್ಥ್‌ಗೆ ಜೊತೆಯಾದವರು ಎಲ್. ವೈದ್ಯನಾಥನ್. ಪಿಟೀಲು ವಾದಕರಾದ ಎಲ್. ಶಂಕರ್, ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ಇಬ್ಬರೂ ‘ಅಶ್ವತ್ಥ್–ವೈದಿ’ ಎಂಬ ಜೋಡಿ ಹೆಸರಿನಲ್ಲಿ ‘ಏನೇ ಬರಲಿ ಪ್ರೀತಿ ಇರಲಿ’, ‘ನಾರದ ವಿಜಯ’, ‘ಅನುಪಮ’, ‘ಆಲೆಮನೆ’ ಚಿತ್ರಗಳನ್ನು ಮಾಡಿದರು. ‘ಆಲೆಮನೆ’ಯಲ್ಲಿ ದೊಡ್ಡರಂಗೇಗೌಡರು ಬರೆದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ, ಊರ ಹುಡುಗಿಯನ್ನು ಮಂದಾರಕ್ಕೆ ಹೋಲಿಸುವ ಹಾಡು ಹೊರಬಂದು ನಾಲ್ಕು ದಶಕ ದಾಟಿದರೂ ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ ನಿಂತಿಲ್ಲ. ಹಳ್ಳಿಯ ನೇರ ಪದ, ಅದರ ಸುತ್ತ ತಂತಿವಾದ್ಯಗಳ ಮೆತ್ತನೆ ಆವರಣ. ಜೋಡಿಯ ಹದ ಅದರಲ್ಲಿ ಚೆನ್ನಾಗಿ ಕೇಳುತ್ತದೆ.

ವೈದ್ಯನಾಥನ್ ಬೇರೆಯಾಗಿ ಮಾಡಿದ ಕೆಲಸವೊಂದು ಕಿರುತೆರೆಯ ಇತಿಹಾಸಕ್ಕೇ ಸೇರಿತು. 1986ರಲ್ಲಿ ದೂರದರ್ಶನದಲ್ಲಿ ಬಂದ, ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’. ಆರ್.ಕೆ. ಲಕ್ಷ್ಮಣ್ ಗೆರೆಗಳ ಜೊತೆಗೆ ತೇಲಿಬರುವ ಅದರ ಶೀರ್ಷಿಕೆ ಸಂಗೀತದಲ್ಲಿ ಮಾತೇ ಇಲ್ಲ, ಬರೀ ತಾನನ. ಕನ್ನಡ ಬಾರದವರಿಗೂ ಅದು ತಮ್ಮೂರಿನದೇ ಎನಿಸಿತು. ಪದವನ್ನು ಪೂಜಿಸುವ ಅಶ್ವತ್ಥ್ ಅವರ ಜೊತೆಗಾರ ಪದವೇ ಇಲ್ಲದೆ ಒಂದು ಊರನ್ನು ಕಟ್ಟಿದರು. ಮರು ವರ್ಷ ಮಾತಿಲ್ಲದ ಚಿತ್ರ ‘ಪುಷ್ಪಕ ವಿಮಾನ’ಕ್ಕೂ ಅವರದೇ ಸಂಗೀತ. ಶಿವಮೊಗ್ಗದ ಆಚೆ ಅರಸಾಳು ನಿಲ್ದಾಣದಲ್ಲಿ ‘ಮಾಲ್ಗುಡಿ ಡೇಸ್’ನ ರೈಲ್ವೆ ದೃಶ್ಯಗಳು ಚಿತ್ರೀಕರಣವಾಗಿದ್ದವು. ಈಗ ಅಲ್ಲಿ ‘ಮಾಲ್ಗುಡಿ’ ಹೆಸರಿನ ಸಂಗ್ರಹಾಲಯವಿದೆ.

ಷರೀಫ, ಮಲ್ಲಿಗೆ, ಮುತ್ತ

ನಿರ್ದೇಶಕ ಟಿ.ಎಸ್. ನಾಗಾಭರಣರ ಜೊತೆಗಿನ ಮೂರು ಚಿತ್ರಗಳು ಅಶ್ವತ್ಥ್ ಕ್ರಮ ಪೂರ್ತಿ ಫಲ ಕೊಟ್ಟ ಜಾಗ. 1990ರ ‘ಸಂತ ಶಿಶುನಾಳ ಷರೀಫ’ದಲ್ಲಿ ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡ್ ಗುರು ಗೋವಿಂದಭಟ್ಟರಾದರು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಹಾವೇರಿ ಸೀಮೆಯ ಭಜನೆ ಮೇಳಗಳಲ್ಲಿ ಷರೀಫರ ಪದಗಳು ಮೊದಲಿಂದಲೂ ಜೀವಂತವಾಗಿದ್ದವು. ಮೈಸೂರು ಸೀಮೆಯ ಮನೆಗಳಿಗೆ ಅವು ತಲುಪಿದ್ದು ಈ ಟ್ಯೂನುಗಳ ಮೂಲಕ. ಭಜನೆ ಪದದ ಬಿಗಿ ಸಡಿಲಿತು ಎಂದು ಗೊಣಗಿದವರೂ ಇದ್ದಾರೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಒಂದು ಟ್ಯೂನು ಜನಪ್ರಿಯವಾದರೆ ಅದೇ ಪದದ ಹತ್ತಾರು ಊರಿನ ಮಟ್ಟುಗಳು ಹಿಂದಕ್ಕೆ ಸರಿಯುತ್ತವೆ. ಸಂಯೋಜಕನಿಗೆ ಅಷ್ಟು ಅಧಿಕಾರವಿದೆ ಎಂಬುದನ್ನೂ ಈ ಚಿತ್ರ ತೋರಿಸಿತು.

1992ರ ‘ಮೈಸೂರು ಮಲ್ಲಿಗೆ’ಯಲ್ಲಿ ಕಥೆಯನ್ನು ಕವಿತೆಗಳಿಂದಲೇ ಹೆಣೆಯಲಾಯಿತು. ಕೆ.ಎಸ್. ನರಸಿಂಹಸ್ವಾಮಿಯವರ ಆ ಸಂಕಲನ ಅಚ್ಚಾದದ್ದು 1942ರಲ್ಲಿ. ಐವತ್ತು ವರ್ಷದ ಹಿಂದೆ ಬರೆದ ಪದ್ಯಗಳಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಕೆ.ಎಸ್.ನ. ಕವಿತೆಯಲ್ಲಿ ಗಂಡ ಹೆಂಡತಿ ಮಾತಾಡುತ್ತಾರೆ, ಮಾವನ ಮನೆಗೆ ಬಂದ ಅಳಿಯನ ಸುತ್ತ ಪುಟ್ಟ ಕಥೆಯೇ ನಡೆಯುತ್ತದೆ. ಅಲ್ಲಿ ಟ್ಯೂನು ಜೋರು ಮಾಡಿದರೆ ಮನೆಯೊಳಗಿನ ಪಿಸುಮಾತು ಬೀದಿಗೆ ಬೀಳುತ್ತದೆ. ಅಶ್ವತ್ಥ್ ಇಲ್ಲಿ ತಮ್ಮ ಏರುದನಿಯ ಒಲವನ್ನು ಬದಿಗಿಟ್ಟು, ಕವಿಯ ತಗ್ಗುದನಿಯನ್ನೇ ಹಿಡಿದರು.

ಎಚ್.ಎಸ್. ವೆಂಕಟೇಶಮೂರ್ತಿ ಹಾಡು ಬರೆದ ‘ಚಿನ್ನಾರಿಮುತ್ತ’ (1993) ಮಕ್ಕಳ ಲೋಕ. ಹಳ್ಳಿಯಿಂದ ಬಂದು ಓಟಗಾರನಾಗುವ ಹುಡುಗನ ಕಥೆ. ಮಕ್ಕಳ ಹಾಡಿಗೆ ಟ್ಯೂನು ಮಾಡುವುದು ಸುಲಭವೆಂದು ತೋರುತ್ತದೆ. ಅದರ ಅಳತೆ ಬೇರೆ: ಮಗುವಿನ ದನಿಯ ಹರವು ಕಿರಿದು, ಉಸಿರು ಚಿಕ್ಕದು. ಆ ಮಿತಿಯೊಳಗೆ ಹಾಡಲು ಬರುವಂಥ ಹಾಡುಗಳಾದ್ದರಿಂದಲೇ ಅವು ಶಾಲೆಗಳಲ್ಲಿ ಉಳಿದವು. ಮರುವರ್ಷ ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’, 1997ರಲ್ಲಿ ಕಾರ್ನಾಡರ ನಾಟಕ ಆಧರಿಸಿದ ‘ನಾಗಮಂಡಲ’. ಗೋಪಾಲ ಯಾಜ್ಞಿಕರು ಉತ್ತರ ಕರ್ನಾಟಕದ ಮಾತಿನಲ್ಲಿ ಬರೆದ ‘ನಾಗಮಂಡಲ’ದ ಹಾಡುಗಳಿಗೆ ಜಾನಪದದ ಮಟ್ಟುಗಳೇ ಬೇರು. ಹಾಸನದ ಕಡೆಯವರೊಬ್ಬರು ಧಾರವಾಡದ ಆಡುಮಾತಿನ ಏರಿಳಿತವನ್ನು ಅಷ್ಟು ನಿಖರವಾಗಿ ಹಿಡಿದದ್ದು ಅವರ ಕಿವಿಗೆ ಸಾಕ್ಷಿ.

ಕಿರುತೆರೆಯ ಒಂದು ನಿಮಿಷ

ಕಿರುತೆರೆಯ ಲೆಕ್ಕಾಚಾರ ಬೇರೆ. ಸಿನಿಮಾ ಹಾಡನ್ನು ನಾವು ಬೇಕೆಂದಾಗ ಕೇಳುತ್ತೇವೆ. ಧಾರಾವಾಹಿಯ ಶೀರ್ಷಿಕೆ ಗೀತೆ ವಾರಕ್ಕೆ ಐದು ದಿನ ಕೇಳಿಸುತ್ತದೆ, ವರ್ಷಗಟ್ಟಲೆ. ಅದು ಇರುವುದು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಕಥೆಯ ಸ್ವಭಾವ ಹೇಳಬೇಕು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೆ ಮೊದಲ ನಾಲ್ಕು ಸ್ವರಕ್ಕೇ ಧಾರಾವಾಹಿ ಶುರುವಾಯಿತು ಎಂದು ಗೊತ್ತಾಗಬೇಕು. ಐನೂರನೇ ಸಲಕ್ಕೂ ಕಿರಿಕಿರಿಯಾಗಬಾರದು. ಹಾಗಾಗಿ ಅಲ್ಲಿ ತೀರಾ ಚಮತ್ಕಾರದ ಟ್ಯೂನು ನಡೆಯುವುದಿಲ್ಲ.

ಟಿ.ಎನ್. ಸೀತಾರಾಂ ಧಾರಾವಾಹಿಗಳ ಕಾಲದಲ್ಲಿ ಕನ್ನಡದ ಶೀರ್ಷಿಕೆ ಗೀತೆ ಹೆಚ್ಚುಕಮ್ಮಿ ಭಾವಗೀತೆಯೇ ಆಗಿತ್ತು. ಕವಿಗಳು ಬರೆಯುತ್ತಿದ್ದರು, ಸುಗಮ ಸಂಗೀತದವರು ರಾಗ ಹಾಕಿ ಹಾಡುತ್ತಿದ್ದರು. ಅಶ್ವತ್ಥ್ ಕೂಡ ಈ ಕೆಲಸ ಮಾಡಿದರು. ಕವನ ಸಂಕಲನ ಕೊಳ್ಳದ ಮನೆಗಳಿಗೂ ದಿನಾ ಸಂಜೆ ಒಂದು ಕವಿತೆ ಹೋಗುತ್ತಿದ್ದ ಕಾಲವದು.

ಶೀರ್ಷಿಕೆ ಗೀತೆಯ ಆಚೆಗೆ ಹಿನ್ನೆಲೆ ಸಂಗೀತವಿದೆ. ಸಿನಿಮಾದಲ್ಲಿ ಸಂಯೋಜಕ ಚಿತ್ರವನ್ನು ರೀಲು ರೀಲಾಗಿ ನೋಡಿ, ಎಲ್ಲಿ ಸಂಗೀತ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಗುರುತು ಹಾಕಿಕೊಳ್ಳುತ್ತಾನೆ. ದಿನಕ್ಕೊಂದು ಕಂತು ಪ್ರಸಾರವಾಗುವ ಕಿರುತೆರೆಯಲ್ಲಿ ಅಷ್ಟು ಪುರುಸೊತ್ತಿಲ್ಲ. ಮೊದಲೇ ಅಳುವಿಗೆ, ಸಂಚಿಗೆ, ಪ್ರೀತಿಗೆ, ಅಚ್ಚರಿಗೆ ತುಣುಕುಗಳನ್ನು ಮಾಡಿಟ್ಟು, ಸಂಕಲನಕಾರರು ಬೇಕಾದ ಕಡೆ ಅಂಟಿಸುತ್ತಾರೆ. ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡಾಗೆಲ್ಲ ಅದೇ ಗುಡುಗು ಬರುವುದು ಇದಕ್ಕೇ. ಮೌನಕ್ಕೆ ಜಾಗ ಇಲ್ಲದ ಈ ಪದ್ಧತಿಯಲ್ಲಿ ಸಂಯೋಜಕನ ತೀರ್ಪಿಗೂ ಜಾಗ ಕಮ್ಮಿ.

ಹಾಡು ಯಾರದು?

ಅಶ್ವತ್ಥ್ ಸಿನಿಮಾ ಸಂಗೀತ ನಿರ್ದೇಶಕರಾದ 1977ರಲ್ಲೇ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಸಂಯೋಜಕರ ಸಂಘ ಐಪಿಆರ್‌ಎಸ್ ಮತ್ತು ಚಿತ್ರೋದ್ಯಮದ ಸಂಘವೊಂದರ ನಡುವಿನ ವ್ಯಾಜ್ಯವದು. ನಿರ್ಮಾಪಕ ದುಡ್ಡು ಕೊಟ್ಟು ಸಂಗೀತ ಮಾಡಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಹಕ್ಕು ನಿರ್ಮಾಪಕನದು ಎಂದಿತು ನ್ಯಾಯಾಲಯ. ಅಂದರೆ ಸಂಯೋಜಕನಿಗೆ ಒಂದು ಸಲ ಕೈಗೆ ಬಂದ ಸಂಭಾವನೆಯೇ ಸರ್ವಸ್ವ. ಆಮೇಲೆ ಹಾಡು ರೇಡಿಯೊದಲ್ಲಿ ಸಾವಿರ ಸಲ ಬರಲಿ, ಬಸ್ಸಿನಲ್ಲಿ ಬರಲಿ, ಅವನಿಗೆ ಬರುವುದೇನಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು, ಉಳಿದ ಬಳಕೆಗಳಿಂದ ಬರುವ ರಾಯಧನದಲ್ಲಿ ಗೀತರಚನೆಕಾರ ಮತ್ತು ಸಂಯೋಜಕರಿಗೆ ಸಮಪಾಲು; ಆ ಹಕ್ಕನ್ನು ಅವರು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಸಲ್ಲುವುದಿಲ್ಲ. ಅಶ್ವತ್ಥ್ ಅಷ್ಟರಲ್ಲಿ ತೀರಿಕೊಂಡು ಮೂರನೇ ವರ್ಷ. ಅವರ ಇಡೀ ವೃತ್ತಿಜೀವನ ಹಳೆಯ ತೀರ್ಪಿನ ನೆರಳಲ್ಲೇ ಕಳೆದಿತ್ತು. ಐಟಿಐ ಸಂಬಳದ ಬೆಲೆ ಏನೆಂಬುದು ಇಲ್ಲಿ ಮತ್ತೆ ತಿಳಿಯುತ್ತದೆ.

ನಿವೃತ್ತಿಯ ನಂತರ ಅವರು ಹೆಚ್ಚು ನೆಚ್ಚಿಕೊಂಡದ್ದು ವೇದಿಕೆಯನ್ನು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ, ಕುವೆಂಪು, ಬೇಂದ್ರೆ ಕವಿತೆಗಳಿಗೂ ಸಿನಿಮಾ ತಾರೆಯರಿಗೆ ಬರುವಷ್ಟೇ ಜನ ಬರುತ್ತಾರೆಂದು ತೋರಿಸಿತು. 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ಅವರು ತೀರಿಕೊಂಡರು. ಮಾರನೇ ದಿನ ನಟ ವಿಷ್ಣುವರ್ಧನ್ ಹೋದರು. ನಾಡಿನ ದುಃಖವೆಲ್ಲ ಆ ಕಡೆಗೆ ಹರಿಯಿತು.

ಸಂಯೋಜಕನ ಹೆಸರು ನಾಡಿನ ಮುಖ್ಯ ಸುದ್ದಿಯಾದದ್ದು ನಾಡಗೀತೆಯ ವಿಷಯದಲ್ಲಿ. ಕುವೆಂಪು ಅವರ ಕವಿತೆಗೆ 2004ರಲ್ಲಿ ನಾಡಗೀತೆಯ ಸ್ಥಾನ ಸಿಕ್ಕರೂ ಯಾವ ಧಾಟಿಯಲ್ಲಿ ಹಾಡಬೇಕೆಂಬ ಜಗಳ ಮುಗಿಯಲಿಲ್ಲ. ಅನಂತಸ್ವಾಮಿಯವರ ಧಾಟಿ ಒಂದು, ಅಶ್ವತ್ಥ್ ಅವರದು ಇನ್ನೊಂದು. ಎರಡಕ್ಕೂ ಶಿಷ್ಯರಿದ್ದರು, ಅಭಿಮಾನಿಗಳಿದ್ದರು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟ್ ವಜಾ ಮಾಡಿತು. ಅಶ್ವತ್ಥ್ ಧಾಟಿ ಸೋತಿತು ಎಂದು ಬೇಸರಪಟ್ಟವರಿದ್ದಾರೆ. ಆದರೆ ಒಂದೇ ಕವಿತೆ ಎರಡು ಧಾಟಿಯಲ್ಲಿ ಎರಡು ಬಗೆಯಾಗಿ ಕೇಳುತ್ತದೆ, ಆ ವ್ಯತ್ಯಾಸಕ್ಕೆ ಒಬ್ಬೊಬ್ಬ ಕರ್ತೃ ಇದ್ದಾನೆ ಎಂಬುದನ್ನು ನ್ಯಾಯಾಲಯದ ತನಕ ಹೋದ ಈ ತಕರಾರು ಎಲ್ಲರಿಗೂ ತಿಳಿಸಿಕೊಟ್ಟಿತು.

ಆ ತಿಳಿವನ್ನು ಉಳಿದ ಹಾಡುಗಳಿಗೂ ದಾಟಿಸುವುದು ಕಷ್ಟವೇನಲ್ಲ. ಶಾಲೆಯ ವೇದಿಕೆಯಲ್ಲಿ ನಿರೂಪಣೆ ಮಾಡುವವರು ಕವಿಯ ಹೆಸರಿನ ಜೊತೆಗೆ ರಾಗ ಸಂಯೋಜಕರ ಹೆಸರನ್ನೂ ಹೇಳಲಿ. ಯೂಟ್ಯೂಬಿಗೆ ಹಾಡು ಏರಿಸುವವರು ಗಾಯಕರ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಯಲಿ. ರಿಯಾಲಿಟಿ ಶೋಗಳಲ್ಲಿ ಹಾಡು ಮುಗಿದ ಮೇಲೆ ತೀರ್ಪುಗಾರರು ಮಗುವಿನ ದನಿಯನ್ನು ಹೊಗಳುವುದರ ಜೊತೆಗೆ, ಆ ಪದ ಅಲ್ಲಿ ಯಾಕೆ ಏರಿತು, ಇಲ್ಲಿ ಯಾಕೆ ನಿಂತಿತು ಎಂದು ಒಂದು ಮಾತು ಕೇಳಲಿ. ಅದಕ್ಕೆ ಉತ್ತರ ಹೇಳಲು ಮಗು ಕವಿತೆಯನ್ನು ಪೂರ್ತಿ ಓದಬೇಕಾಗುತ್ತದೆ. ಅಶ್ವತ್ಥ್ ಟ್ಯೂನು ಮಾಡುವ ಮೊದಲು ಮಾಡುತ್ತಿದ್ದ ಕೆಲಸವೂ ಅದೇ.